ಗ್ರಂಥಸ್ವಾಮ್ಯದ ಆಯುಷ್ಯ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಒಂದೇ ಕಾಲದಲ್ಲಿ ಪಾಠ ಹೇಳಿದ ಇಬ್ಬರು ಹಿರಿಯರು ಟಿ. ಎಸ್. ವೆಂಕಣ್ಣಯ್ಯನವರು ಮತ್ತು ಬಿ. ಎಂ. ಶ್ರೀಕಂಠಯ್ಯನವರು. ಒಬ್ಬರು ಕನ್ನಡದ ಅಧ್ಯಾಪಕರು, ಇನ್ನೊಬ್ಬರು ಇಂಗ್ಲಿಷಿನವರು. ವೆಂಕಣ್ಣಯ್ಯನವರು ೧೯೩೯ರಲ್ಲಿ ಕಾಲವಾದರು, ಶ್ರೀಯವರು ೧೯೪೬ರಲ್ಲಿ. ನಡುವಣ ಅಂತರ ಏಳು ವರ್ಷ. ಆದರೆ ವೆಂಕಣ್ಣಯ್ಯನವರೊಬ್ಬರೇ ಬರೆದ ಬರಹವನ್ನು ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಅಚ್ಚುಹಾಕಬಹುದಾದ ದಿನ ೧೯೯೦ರ ಜನವರಿ ೧ರಂದು ಬಂತು. ಶ್ರೀಯವರ ಬರಹಕ್ಕೆ ಅಂಥ ದಿನ ಬಂದದ್ದು ೨೦೦೭ರ ಜನವರಿ ೧ರಂದು. ಯಮಧರ್ಮನ ಲೆಕ್ಕದಲ್ಲಿ ಏಳಾಗಿದ್ದ ಅಂತರ ಕಾಯಿದೆಯ ಲೆಕ್ಕದಲ್ಲಿ ಹದಿನೇಳಾಯಿತು. ಈ ಹೆಚ್ಚಿನ ಹತ್ತು ವರ್ಷ ಎಲ್ಲಿಂದ ಬಂತು, ಯಾರಿಗಾಗಿ ಬಂತು, ಬಂದದ್ದರಿಂದ ಯಾರಿಗೆ ಏನಾಯಿತು ಎಂಬುದು ಸ್ವಲ್ಪ ಹಿಂದಿನಿಂದ ಹೇಳಬೇಕಾದ ಕಥೆ.

ಪುಸ್ತಕ ಬರೆದವನಿಗೆ ಅದರ ಮೇಲೆ ಹಕ್ಕಿದೆ ಎಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಮನೆ ಕಟ್ಟಿದವನಿಗೆ ಮನೆಯಿದ್ದಂತೆ ಇದೂ ಎಂದು ಹೇಳುವವರಿದ್ದಾರೆ. ಹೋಲಿಕೆ ಪೂರ್ತಿ ಸರಿಯಲ್ಲ. ಮನೆ ಮೊಮ್ಮಕ್ಕಳ ಮೊಮ್ಮಕ್ಕಳವರೆಗೂ ಹೋದೀತು. ಗ್ರಂಥಸ್ವಾಮ್ಯಕ್ಕೆ ಮಾತ್ರ ಕಾನೂನು ಹುಟ್ಟಿನಿಂದಲೇ ಒಂದು ಆಯುಷ್ಯ ಬರೆದಿಟ್ಟಿದೆ. ೧೭೧೦ರಲ್ಲಿ ಜಾರಿಗೆ ಬಂದ ಇಂಗ್ಲೆಂಡಿನ ಮೊದಲ ಕಾಯಿದೆಯಲ್ಲಿ ಆ ಆಯುಷ್ಯ ೧೪ ವರ್ಷ. ಲೇಖಕ ಬದುಕಿದ್ದರೆ ಇನ್ನೂ ೧೪. ಅಲ್ಲಿಂದ ಮುಂದೆ ಅದು ಬೆಳೆದದ್ದೇ ಹೊರತು ಎಲ್ಲಿಯೂ ಕುಗ್ಗಿದ್ದನ್ನು ಕಾಣುವುದು ಅಪರೂಪ.

ಆಯುಷ್ಯದ ವಿಚಾರವಾಗಿ ನಡೆದ ಬಹು ದೊಡ್ಡ ವಾದ ಲಂಡನ್ನಿನ ಪಾರ್ಲಿಮೆಂಟಿನದು. ಅದರ ನಾಯಕ ನಮಗೆ ಬೇರೆ ಕಾರಣಕ್ಕೆ ಪರಿಚಿತ. ಇಂಡಿಯಾದ ವಿದ್ಯಾಭ್ಯಾಸವನ್ನು ಇಂಗ್ಲಿಷಿನ ಕಡೆಗೆ ತಿರುಗಿಸಿದವನೆಂದು ನಾವು ಇಂದಿಗೂ ಬೈಯುವ ಮೆಕಾಲೆಯೇ ಅವನು. ೧೮೩೪ರಲ್ಲಿ ಈ ದೇಶಕ್ಕೆ ಬಂದಿಳಿದ ಮೆಕಾಲೆ ಗವರ್ನರ್ ಜನರಲ್ ಬೆಂಟಿಂಕನನ್ನು ಕಾಣಲು ಮದರಾಸಿನಿಂದ ಉದಕಮಂಡಲಕ್ಕೆ ಹೋಗುವಾಗ ಶ್ರೀರಂಗಪಟ್ಟಣ, ಮೈಸೂರುಗಳ ಮೇಲೆಯೇ ಹಾದುಹೋದ. ನಾಲ್ಕು ವರ್ಷ ಕಲ್ಕತ್ತೆಯಲ್ಲಿದ್ದು ಹಿಂತಿರುಗಿದ ಮೇಲೆ, ೧೮೪೧ರ ಫೆಬ್ರವರಿ ೫ರಂದು, ಕಾಮನ್ಸ್ ಸಭೆಯಲ್ಲಿ ಅವನು ಒಂದು ಮಸೂದೆಯನ್ನು ವಿರೋಧಿಸಿ ಮಾತನಾಡಿದ. ಮಸೂದೆ ತಂದವನು ವಕೀಲನೂ ನಾಟಕಕಾರನೂ ಆದ ಟಾಲ್ಫೋರ್ಡ್. ಮುಪ್ಪಿನ ವರ್ಡ್ಸ್‌ವರ್ತ್ ಕವಿ ಅವನ ಬೆನ್ನಿಗಿದ್ದ. ಮಸೂದೆಯ ಕೋರಿಕೆ: ಲೇಖಕನ ಮರಣಾನಂತರ ೬೦ ವರ್ಷ ಗ್ರಂಥಸ್ವಾಮ್ಯ ನಡೆಯಬೇಕು.

ಮೆಕಾಲೆಯ ವಾದವನ್ನು ಅವನ ಮೇಲಿನ ಸಿಟ್ಟನ್ನು ಬದಿಗಿಟ್ಟು ಕೇಳಬೇಕು. ಲೇಖಕನಿಗೆ ಪ್ರತಿಫಲ ಸಿಕ್ಕಲೇಬೇಕು, ಇಲ್ಲದಿದ್ದರೆ ಅವನು ಶ್ರೀಮಂತರ ಬಾಗಿಲು ಕಾಯಬೇಕಾಗುತ್ತದೆ. ಆದ್ದರಿಂದ ಗ್ರಂಥಸ್ವಾಮ್ಯ ಅಗತ್ಯ ಎಂದು ಮೊದಲು ಒಪ್ಪಿಕೊಂಡ. ಆದರೆ ಅದು ಒಂದು ಏಕಸ್ವಾಮ್ಯ; ಏಕಸ್ವಾಮ್ಯವಿದ್ದಲ್ಲಿ ಸರಕು ವಿರಳವಾಗುತ್ತದೆ, ಬೆಲೆ ಏರುತ್ತದೆ. ಓದುವವನು ತೆರುವ ತೆರಿಗೆಯಿಂದ ಬರೆಯುವವನಿಗೆ ಸಂಭಾವನೆ ಕೊಡುವ ಏರ್ಪಾಡು ಅದು. ಆ ತೆರಿಗೆಯನ್ನು ಬೇಕಾದಷ್ಟು ಕಾಲ ಮಾತ್ರ ವಿಧಿಸಬೇಕು, ಒಂದು ದಿನವೂ ಹೆಚ್ಚಲ್ಲ. ತಾನು ಸತ್ತು ಅರ್ಧ ಶತಮಾನ ಕಳೆದ ಮೇಲೆ ಯಾವನೋ ಪುಸ್ತಕದ ವ್ಯಾಪಾರಿಗೆ ಲಾಭ ಬಂದೀತೆಂಬ ಆಸೆಯಿಂದ ಡಾಕ್ಟರ್ ಜಾನ್ಸನ್ನನು ಒಂದು ಸಾಲನ್ನಾದರೂ ಹೆಚ್ಚಾಗಿ ಬರೆಯುತ್ತಿದ್ದನೇ ಎಂದು ಕೇಳಿದ. ಮಿಲ್ಟನ್ನನ ಮಹಾಕಾವ್ಯದ ಹಕ್ಕು ಪ್ರಕಾಶಕರ ಕೈಯಲ್ಲಿ ಭದ್ರವಾಗಿದ್ದ ಕಾಲದಲ್ಲೇ ಮಿಲ್ಟನ್ನನ ಮೊಮ್ಮಗಳು ಬಡತನದಲ್ಲಿ ಬೇಯುತ್ತಿದ್ದಳೆಂದೂ, ಆಕೆಯ ನೆರವಿಗೆ ಒಂದು ನಾಟಕದ ಸಹಾಯಾರ್ಥ ಪ್ರದರ್ಶನ ಮಾಡಬೇಕಾಯಿತೆಂದೂ ನೆನಪಿಸಿದ. ಇನ್ನೊಂದು ಭಯವನ್ನೂ ಹೇಳಿದ: ವಾರಸುದಾರನಿಗೆ ಪುಸ್ತಕ ಇಷ್ಟವಿಲ್ಲದೆ ಹೋದರೆ? ಕಾದಂಬರಿಕಾರ ರಿಚರ್ಡ್‌ಸನ್ನನ ಮೊಮ್ಮಗ ಪಾದ್ರಿ, ಕಾದಂಬರಿಯೆಂದರೆ ಆಗದವನು. ಅವನ ಕೈಗೆ ಹಕ್ಕು ಬಂದಿದ್ದರೆ ಆ ಕೃತಿಗಳು ಮತ್ತೆ ಅಚ್ಚಾಗುತ್ತಿರಲಿಲ್ಲ.

ಮಸೂದೆ ೩೮ಕ್ಕೆ ೪೫ ಮತಗಳಿಂದ ಬಿದ್ದುಹೋಯಿತು. ಮರುವರ್ಷ ಆದ ಕಾಯಿದೆಯಲ್ಲಿ ಪ್ರಕಟನೆಯಿಂದ ೪೨ ವರ್ಷ, ಅಥವಾ ಲೇಖಕನ ಮರಣದಿಂದ ಏಳು ವರ್ಷ, ಯಾವುದು ದೀರ್ಘವೋ ಅದು ಎಂದು ಗೊತ್ತಾಯಿತು. ೧೮೪೭ರಲ್ಲಿ ಕಂಪನಿ ಸರ್ಕಾರ ಇಂಡಿಯಾಕ್ಕಾಗಿ ಮಾಡಿದ ಕಾಯಿದೆಯೂ ಇದೇ ಅವಧಿಯನ್ನು ಇಟ್ಟುಕೊಂಡಿತು. ೬೦ ಎಂಬ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು.

ಆ ಹಳೆಯ ಕಾಯಿದೆಯ ಕಾಲದಲ್ಲಿ ಅನುವಾದಕ್ಕೆ ದೊಡ್ಡ ಅಡ್ಡಿ ಇರಲಿಲ್ಲ. ಒಂದು ಭಾಷೆಯ ಪುಸ್ತಕವನ್ನು ಇನ್ನೊಂದು ಭಾಷೆಗೆ ತಿರುಗಿಸುವುದನ್ನು ನಕಲೆಂದು ಎಣಿಸುವ ಪರಿಪಾಠ ಬೆಳೆದಿರಲಿಲ್ಲ. ಅದರ ಫಲವನ್ನು ಕನ್ನಡ ಉಂಡಿದೆ. ಮೈಸೂರು ಸಂಸ್ಥಾನದಲ್ಲಿ ಮುನ್ಸೀಫರಾಗಿದ್ದ ಬಿ. ವೆಂಕಟಾಚಾರ್ಯರು ವಂಗಭಾಷೆಯನ್ನು ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಒಂದರ ಮೇಲೊಂದರಂತೆ ಕನ್ನಡಕ್ಕೆ ತಂದರು. ಒಂದು ತಲೆಮಾರಿನ ಕನ್ನಡಿಗರು ಕಾದಂಬರಿಯೆಂದರೆ ಏನೆಂದು ತಿಳಿದದ್ದು ಅವರಿಂದ. ಅಪ್ಪಣೆ, ಒಪ್ಪಂದ, ಮುಂಗಡ ಎಂದು ಕಾದಿದ್ದರೆ ಎಷ್ಟು ಬರುತ್ತಿತ್ತೋ. ಶ್ರೀಯವರ ‘ಇಂಗ್ಲಿಷ್ ಗೀತಗಳು’ ಸಂಕಲನದ ಮೂಲ ಕವಿಗಳಲ್ಲಿ ಹೆಚ್ಚಿನವರು ಎಂದೋ ತೀರಿಕೊಂಡವರು. ಬರ್ನ್ಸ್, ಷೆಲ್ಲಿ ಮೊದಲಾದವರ ಪದ್ಯ ಅಷ್ಟು ಹೊತ್ತಿಗೆ ಲೋಕದ ಸೊತ್ತಾಗಿತ್ತು. ಅವನ್ನು ಕನ್ನಡಿಸಲು ಯಾವ ವಾರಸುದಾರನ ಕಾಗದವೂ ಬೇಕಿರಲಿಲ್ಲ.

ಬ್ರಿಟಿಷ್ ಇಂಡಿಯಾದ ಕಾಯಿದೆಗಳು ಮೈಸೂರು ಸಂಸ್ಥಾನದೊಳಗೆ ತಾವೇ ತಾವಾಗಿ ನಡೆಯುತ್ತಿರಲಿಲ್ಲವೆಂಬ ತೊಡಕೊಂದಿದೆ. ಆದರೆ ದೇಶವೆಲ್ಲ ಒಂದೇ ಕಾಯಿದೆಯ ಕೆಳಗೆ ಬಂದ ಮೇಲೆ ನಮಗೆ ದಾರಿಯಾದದ್ದು ಬ್ರಿಟಿಷ್ ಇಂಡಿಯಾದ ಪರಂಪರೆಯೇ ಆದ್ದರಿಂದ ಅದನ್ನೇ ಹಿಂಬಾಲಿಸೋಣ.

೧೯೧೧ರಲ್ಲಿ ಇಂಗ್ಲೆಂಡು ಹೊಸ ಕಾಯಿದೆ ಮಾಡಿತು. ೧೯೧೪ರಲ್ಲಿ ಅದು ಕೆಲವು ಮಾರ್ಪಾಡುಗಳೊಂದಿಗೆ ಇಂಡಿಯಾದ ಕಾಯಿದೆಯಾಯಿತು. ಅವಧಿ ಲೇಖಕನ ಜೀವಮಾನ ಮತ್ತು ಮರಣಾನಂತರ ೫೦ ವರ್ಷಕ್ಕೆ ಏರಿತು. ಮೆಕಾಲೆ ಕಂಡಿದ್ದ ಅಪಾಯ ಅದನ್ನು ಬರೆದವರ ಕಣ್ಣ ಮುಂದೆ ಇದ್ದಿರಬೇಕು. ಏಕೆಂದರೆ ಆ ಕಾಯಿದೆಯಲ್ಲಿ ಇಂದು ನಾವು ಮರೆತೇಬಿಟ್ಟಿರುವ ಎರಡು ಜಾಣ ಏರ್ಪಾಡುಗಳಿದ್ದುವು. ನನಗೆ ಈ ವಿಷಯದ ಇಡೀ ಚರಿತ್ರೆಯಲ್ಲಿ ಅವುಗಳಷ್ಟು ನ್ಯಾಯವಾದದ್ದು ಮತ್ತೊಂದು ಕಾಣಿಸುವುದಿಲ್ಲ.

ಒಂದನೆಯದು ಓದುಗನಿಗಾಗಿ. ಲೇಖಕ ಸತ್ತು ೨೫ ವರ್ಷ ಕಳೆದ ಮೇಲೆ ಯಾವ ಪ್ರಕಾಶಕನಾದರೂ ಹಕ್ಕುದಾರನಿಗೆ ಲಿಖಿತ ತಿಳಿವಳಿಕೆ ಕೊಟ್ಟು, ತಾನು ಮಾರುವ ಪ್ರತಿಯ ಬೆಲೆಯಲ್ಲಿ ನೂರಕ್ಕೆ ಹತ್ತನ್ನು ಗೌರವಧನವಾಗಿ ಸಲ್ಲಿಸಿ, ಪುಸ್ತಕವನ್ನು ಅಚ್ಚುಹಾಕಬಹುದಿತ್ತು. ಹಕ್ಕುದಾರ ‘ಕೂಡದು’ ಎನ್ನುವಂತಿರಲಿಲ್ಲ. ಹಣ ಅವನಿಗೆ ಬರುತ್ತಿತ್ತು, ಬೀಗದ ಕೈ ಮಾತ್ರ ಅವನಲ್ಲಿ ಉಳಿಯುತ್ತಿರಲಿಲ್ಲ. ಎರಡನೆಯದು ಲೇಖಕನ ಹೆಂಡತಿ ಮಕ್ಕಳಿಗಾಗಿ. ಲೇಖಕ ಬದುಕಿದ್ದಾಗ ತನ್ನ ಹಕ್ಕನ್ನು ಯಾರಿಗೇ ಮಾರಿರಲಿ, ಅವನ ಮರಣದ ೨೫ ವರ್ಷಗಳ ಅನಂತರ ಆ ಮಾರಾಟ ಮುರಿದು ಉಳಿದ ಅವಧಿಯ ಹಕ್ಕು ಅವನ ವಾರಸುದಾರರಿಗೆ ಹಿಂದಿರುಗುತ್ತಿತ್ತು. ಹಿಂದಿರುಗದಂತೆ ಮೊದಲೇ ಕರಾರು ಬರೆಸಿಕೊಂಡರೂ ಅದು ನಡೆಯುತ್ತಿರಲಿಲ್ಲ. ಮಗಳ ಮದುವೆಗೋ ಮನೆಬಾಡಿಗೆಗೋ ಇಡೀ ಪುಸ್ತಕದ ಹಕ್ಕನ್ನು ಒಂದೇ ಗಂಟಿಗೆ ಮಾರಿಬಿಡುತ್ತಿದ್ದ ಲೇಖಕರಿದ್ದ ನಾಡಿನಲ್ಲಿ ಇದು ಎಷ್ಟು ದೊಡ್ಡ ಮಾತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಡಿಯಾದ ಕಾಯಿದೆ ತನ್ನದೊಂದು ಮಾರ್ಪಾಡನ್ನೂ ಸೇರಿಸಿತು: ಅನುವಾದದ ಹಕ್ಕು ಮೊದಲ ಪ್ರಕಟನೆಯಿಂದ ಹತ್ತು ವರ್ಷ ಮಾತ್ರ. ಅಷ್ಟರೊಳಗೆ ಲೇಖಕ ಒಂದು ಭಾಷೆಯಲ್ಲಿ ಅನುವಾದ ಮಾಡಿಸಿದ್ದರೆ ಆ ಭಾಷೆಗೆ ಮಟ್ಟಿಗೆ ಹಕ್ಕು ಉಳಿಯುತ್ತಿತ್ತು, ಇಲ್ಲವಾದರೆ ಹೋಗುತ್ತಿತ್ತು. ಹಲವು ಭಾಷೆಗಳ ದೇಶಕ್ಕೆ ತಕ್ಕ ಬುದ್ಧಿ.

ಸ್ವತಂತ್ರ ಭಾರತ ತನ್ನದೇ ಕಾಯಿದೆ ಮಾಡಹೊರಟಾಗ ಮೊದಲು ಬಂದ ಆಲೋಚನೆ ಅವಧಿಯನ್ನು ಇಳಿಸುವುದೇ ಆಗಿತ್ತು. ೧೯೫೫ರ ಮಸೂದೆ ಮರಣಾನಂತರ ೨೫ ವರ್ಷ ಸಾಕೆಂದಿತು. ಬಡ ದೇಶ, ಓದಲು ಹಸಿದ ಜನ, ಪುಸ್ತಕ ಬೇಗ ಅಗ್ಗವಾಗಲಿ ಎಂಬ ನ್ಯಾಯ ಅದಕ್ಕಿತ್ತು. ಇನ್ನೊಂದು ಪಕ್ಷದ ನ್ಯಾಯವನ್ನೂ ಕಡೆಗಾಣಿಸುವಂತಿಲ್ಲ. ಜಮೀನುದಾರನ ಮಗ ಜಮೀನು ಉಣ್ಣುವಾಗ ಕವಿಯ ಮಗ ಮಾತ್ರ ೨೫ ವರ್ಷಕ್ಕೆ ಬರಿಗೈಯಾಗಬೇಕೇ? ಇದರ ಜತೆಗೆ ಬರ್ನ್ ಒಪ್ಪಂದವೆಂಬ ಅಂತರರಾಷ್ಟ್ರೀಯ ಕರಾರಿನ ೧೯೪೮ರ ಬ್ರಸೆಲ್ಸ್ ಪರಿಷ್ಕರಣ ೫೦ ವರ್ಷವನ್ನು ಕಡ್ಡಾಯ ಮಾಡಿತ್ತು. ಪಾರ್ಲಿಮೆಂಟಿನ ಜಂಟಿ ಸಮಿತಿ ೫೦ಕ್ಕೇ ಹಿಂತಿರುಗಿತು. ೧೯೫೭ರ ಕಾಯಿದೆ ೧೯೫೮ರ ಜನವರಿ ೨೧ರಂದು ಜಾರಿಗೆ ಬಂತು. ೨೫ರ ಮಾತು ಬಿದ್ದುಹೋಯಿತು. ಅದರೊಡನೆ ಹಳೆಯ ಕಾಯಿದೆಯ ನೂರಕ್ಕೆ ಹತ್ತರ ಏರ್ಪಾಡೂ ವಾರಸುದಾರರಿಗೆ ಹಕ್ಕು ಮರಳುವ ಏರ್ಪಾಡೂ ಬಿದ್ದುಹೋದುವು. ಅನುವಾದದ ಹತ್ತು ವರ್ಷದ ಮಿತಿಯ ಜಾಗಕ್ಕೆ, ಪ್ರಕಟವಾಗಿ ಏಳು ವರ್ಷವಾದರೂ ಒಂದು ಭಾಷೆಗೆ ಅನುವಾದವಾಗದಿದ್ದರೆ ಗ್ರಂಥಸ್ವಾಮ್ಯ ಮಂಡಲಿಗೆ ಅರ್ಜಿ ಹಾಕಿ ಪರವಾನಗಿ ಪಡೆಯುವ ದಾರಿ ಬಂತು. ಅರ್ಜಿ, ಮಂಡಲಿ, ವಿಚಾರಣೆ ಎಂದರೆ ಸರಸ್ವತಿಯ ಉಪಾಸಕರು ದೂರವೇ ನಿಲ್ಲುತ್ತಾರೆ.

ಇನ್ನು ಹತ್ತು ವರ್ಷದ ಕಥೆ. ರವೀಂದ್ರನಾಥ ಠಾಕೂರರು ೧೯೪೧ರ ಆಗಸ್ಟಿನಲ್ಲಿ ತೀರಿಕೊಂಡರು. ಕಾಯಿದೆ ಮರಣದ ಮರುವರ್ಷದ ಜನವರಿಯಿಂದ ಎಣಿಸುವುದರಿಂದ ಅವರ ಕೃತಿಗಳ ಹಕ್ಕು ೧೯೯೧ರ ಡಿಸೆಂಬರ್ ೩೧ಕ್ಕೆ ಮುಗಿಯಬೇಕಿತ್ತು. ಹಕ್ಕಿದ್ದದ್ದು ವಿಶ್ವಭಾರತಿಗೆ. ಪಾಠ ಕೆಡುತ್ತದೆ, ಕೀಳು ಮುದ್ರಣಗಳು ಬರುತ್ತವೆ, ಸಂಗೀತದ ಶುದ್ಧಿ ಹೋಗುತ್ತದೆ ಎಂಬ ಆತಂಕ ಬಂಗಾಳದಲ್ಲಿ ಎದ್ದಿತು. ಒಬ್ಬ ಕವಿಗಾಗಿ ಮಾತ್ರ ಕಾಯಿದೆ ಮಾಡುವುದು ಚೆಲುವಲ್ಲವೆಂದು ಕೇಂದ್ರ ಸರ್ಕಾರ ಎಲ್ಲ ಲೇಖಕರಿಗೂ ಹತ್ತು ವರ್ಷ ಕೂಡಿಸಿತು. ಡಿಸೆಂಬರ್ ೨೮ರಂದು, ಅವಧಿ ಮುಗಿಯಲು ಮೂರು ದಿನವಿರುವಾಗ, ಸುಗ್ರೀವಾಜ್ಞೆ ಹೊರಟಿತು. ಗಡುವು ತಪ್ಪಿದರೆ ಉಳಿವಿಲ್ಲವೆಂಬ ರಾಮಾಯಣದ ಅರ್ಥ ಆ ಶಬ್ದಕ್ಕೆ ಇಷ್ಟು ಚೆನ್ನಾಗಿ ಒಪ್ಪಿದ ಪ್ರಸಂಗ ಇನ್ನೊಂದಿರಲಾರದು. ೧೯೯೨ರಲ್ಲಿ ಅದು ಕಾಯಿದೆಯಾಯಿತು. ಮಾಡಿದ್ದು ಇಷ್ಟೆ: ‘ಐವತ್ತು’ ಎಂಬ ಮಾತಿದ್ದಲ್ಲಿ ‘ಅರವತ್ತು’ ಎಂಬ ಮಾತು. ೧೮೪೧ರಲ್ಲಿ ಮೆಕಾಲೆ ಸೋಲಿಸಿದ ಟಾಲ್ಫೋರ್ಡನ ಸಂಖ್ಯೆ ೧೫೧ ವರ್ಷಗಳ ಅನಂತರ ದೆಹಲಿಯಲ್ಲಿ ಗೆದ್ದಿತು.

ವಿಶ್ವಭಾರತಿಯ ಕಳವಳ ಸುಳ್ಳೆಂದು ನಾನು ಹೇಳುವುದಿಲ್ಲ. ಹತ್ತು ವರ್ಷ ಮುಗಿಯುತ್ತ ಬಂದಾಗ ಮತ್ತೊಮ್ಮೆ ಅವಧಿ ಬೇಕೆಂಬ ಕೂಗೆದ್ದಿತು. ಈ ಸಲ ಸರ್ಕಾರ ಒಪ್ಪಲಿಲ್ಲ. ೨೦೦೨ರಿಂದ ರವೀಂದ್ರರನ್ನು ಯಾರು ಬೇಕಾದರೂ ಅಚ್ಚುಹಾಕಬಹುದಾಗಿದೆ, ಆಕಾಶ ಬಿದ್ದಿಲ್ಲ. ಆದರೆ ಒಬ್ಬರ ನೆಪದಲ್ಲಿ ಎಲ್ಲರಿಗೂ ಬಡಿಸಿದ್ದರ ಪರಿಣಾಮ ಬೇರೆ ಕಡೆ ಆಯಿತು. ೧೯೪೦ರೊಳಗೆ ತೀರಿಕೊಂಡವರ ಬರಹ ಆಗಲೇ ಬಿಡುಗಡೆಯಾಗಿತ್ತು. ಹಾಗೆ ಬಿಡುಗಡೆಯಾದದ್ದನ್ನು ಹೊಸ ಕಾಯಿದೆ ಮತ್ತೆ ಕಟ್ಟಿಹಾಕಲಿಲ್ಲ. ವೆಂಕಣ್ಣಯ್ಯನವರೂ, ‘ಕರ್ಣಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್ಯರೂ ಪಾರಾದರು. ೧೯೪೧ರ ಈಚಿನವರೆಲ್ಲ ಸಿಕ್ಕಿಕೊಂಡರು. ೧೯೯೨ರಿಂದ ೨೦೦೧ರವರೆಗೆ ಹತ್ತು ಹೊಸ ವರ್ಷದ ದಿನಗಳು ಬಂದು ಹೋದುವು. ಲೇಖಕನ ಮರಣದಿಂದ ಎಣಿಸುವ ಲೆಕ್ಕದಲ್ಲಿ ಒಂದು ಪುಸ್ತಕವೂ ಸಾರ್ವಜನಿಕರ ಪಾಲಿಗೆ ಬರಲಿಲ್ಲ. ಶ್ರೀಯವರೂ ಅದೇ ವರ್ಷ ತೀರಿಕೊಂಡ ಕೈಲಾಸಂ ಅವರೂ ೨೦೦೬ರ ಕೊನೆಯವರೆಗೆ ಕಾದರು. (ಬಾಯಲ್ಲಿ ಹೇಳಿ ಇತರರಿಂದ ಬರೆಸುತ್ತಿದ್ದ ಕೈಲಾಸಂ ಅವರ ವಿಷಯದಲ್ಲಿ ಇನ್ನೊಂದು ತೊಡಕು ಏಳಬಹುದಿತ್ತು: ಮರಣಾನಂತರ ಮೊದಲು ಪ್ರಕಟವಾದ ಕೃತಿಗೆ ಅವಧಿಯನ್ನು ಪ್ರಕಟನೆಯಿಂದ ಎಣಿಸಬೇಕು. ಸದ್ಯಕ್ಕೆ, ರಂಗದ ಮೇಲೆ ಆಡಿದ್ದೂ ಪ್ರಕಟನೆಯೇ ಎಂದು ಆ ಕಲಮೇ ಹೇಳುತ್ತದೆ.)

ಮೈಸೂರಿನ ಸಂಸ್ಕೃತದ ಪ್ರಾಧ್ಯಾಪಕ ಎಂ. ಹಿರಿಯಣ್ಣನವರು ೧೯೫೦ರಲ್ಲಿ ತೀರಿಕೊಂಡರು. ಭಾರತೀಯ ದರ್ಶನಗಳನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ೧೯೩೨ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹಳೆಯ ಲೆಕ್ಕದಲ್ಲಿ ಅದು ೨೦೦೧ಕ್ಕೆ, ಹೊಸ ಲೆಕ್ಕದಲ್ಲಿ ೨೦೧೧ಕ್ಕೆ ಇಲ್ಲಿ ಬಿಡುಗಡೆ. ಇಂಗ್ಲೆಂಡು ೧೯೯೬ರಿಂದ ತನ್ನ ಅವಧಿಯನ್ನು ೭೦ಕ್ಕೆ ಏರಿಸಿಕೊಂಡದ್ದರಿಂದ ಅಲ್ಲಿ ೨೦೨೧ಕ್ಕೆ. ಮೈಸೂರಿನ ಮೇಷ್ಟ್ರೊಬ್ಬರ ಒಂದೇ ಪುಸ್ತಕ ಹತ್ತು ವರ್ಷ ಕಾಲ ಇಲ್ಲಿ ಎಲ್ಲರದು, ಅಲ್ಲಿ ಒಬ್ಬರದು.

ಕುವೆಂಪು, ಆರ್. ಕೆ. ನಾರಾಯಣರಂಥವರ ವಿಷಯದಲ್ಲಿ ಅವಧಿ ಉದ್ದವಾದರೆ ಓದುಗನಿಗೆ ದೊಡ್ಡ ನಷ್ಟವೇನೂ ಇಲ್ಲ. ಕುವೆಂಪು ಅವರ ಪುಸ್ತಕಗಳು ಅಂಗಡಿಯಲ್ಲಿ ಸಿಗುತ್ತವೆ. ನಾರಾಯಣರಂತೂ ಯುದ್ಧದ ಕಾಲದಲ್ಲಿ ಲಂಡನ್ನಿನ ದಾರಿ ಕಷ್ಟವಾದಾಗ ಮೈಸೂರಿನಲ್ಲಿಯೇ ‘ಇಂಡಿಯನ್ ಥಾಟ್’ ಎಂಬ ಸ್ವಂತ ಪ್ರಕಾಶನ ಹೂಡಿದವರು. ತಮ್ಮ ಹಕ್ಕಿನ ಬೆಲೆ ಅವರಿಗೆ ಗೊತ್ತಿತ್ತು. ಕುವೆಂಪು ೧೯೯೪ರಲ್ಲಿ ಹೋದವರು, ೨೦೫೪ರ ಕೊನೆಯವರೆಗೆ. ನಾರಾಯಣರು ೨೦೦೧, ಆದ್ದರಿಂದ ೨೦೬೧. ಸರ್ಕಾರ ೨೦೦೪ರಲ್ಲಿ ನಾಡಗೀತೆಯೆಂದು ಸಾರಿದ ಪದ್ಯವೂ ಕಾಯಿದೆಯ ಕಣ್ಣಿಗೆ ೨೦೫೪ರವರೆಗೆ ಖಾಸಗಿ ಸೊತ್ತೇ ಎಂಬುದು ಮಾತ್ರ ಸ್ವಲ್ಪ ನಗು ತರಿಸುತ್ತದೆ.

ನಷ್ಟವಾಗುವುದು ಮರೆತುಹೋದವರ ವಿಷಯದಲ್ಲಿ. ಮೈಸೂರಿಗೆ ಕೂಗಳತೆಯ ನಂಜನಗೂಡಿನಲ್ಲಿ ಹುಟ್ಟಿದ ತಿರುಮಲಾಂಬಾ ಅವರನ್ನು ನೋಡಿ. ೧೮೮೭ರಲ್ಲಿ ಹುಟ್ಟಿದವರು, ಹದಿಹರೆಯದಲ್ಲೇ ವಿಧವೆಯಾದರು. ತಂದೆಯ ಮನೆಯಲ್ಲಿದ್ದುಕೊಂಡು ಓದಿ, ಬರೆದು, ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಹೂಡಿ ತಮ್ಮ ಕಾದಂಬರಿಗಳನ್ನೂ ಇತರರ ಬರಹವನ್ನೂ ಪ್ರಕಟಿಸಿದರು. ಹೆಂಗಸರಿಗಾಗಿ ಪತ್ರಿಕೆ ನಡೆಸಿದರು. ಕನ್ನಡದಲ್ಲಿ ಹೆಂಗಸೊಬ್ಬಳು ಲೇಖಕಿಯೂ ಪ್ರಕಾಶಕಿಯೂ ಸಂಪಾದಕಿಯೂ ಆಗಿ ನಿಂತದ್ದು ಅದೇ ಮೊದಲೆನ್ನುವಂತಿತ್ತು. ಕಾಲ ಬದಲಾಯಿತು, ಹೊಸ ಸಾಹಿತ್ಯ ಬಂತು, ಆಕೆ ಲೇಖನಿ ಕೆಳಗಿಟ್ಟು ಮದರಾಸಿನಲ್ಲಿ ಹಲವು ದಶಕ ಮೌನವಾಗಿ ಬಾಳಿ ೧೯೮೨ರಲ್ಲಿ ತೀರಿಕೊಂಡರು. ದೀರ್ಘಾಯುಷ್ಯ ಪಡೆದದ್ದೇ ಪುಸ್ತಕಗಳಿಗೆ ಮುಳುವಾಯಿತು. ೧೯೧೦ರ ದಶಕದಲ್ಲಿ ಅಚ್ಚಾದ ಆಕೆಯ ಕಾದಂಬರಿ ಕಾಯಿದೆಯ ಪ್ರಕಾರ ಬಿಡುಗಡೆಯಾಗುವುದು ೨೦೪೩ರ ಜನವರಿ ೧ರಂದು. ಅಚ್ಚಾದಂದಿನಿಂದ ೧೨೫ ವರ್ಷದ ಆಸುಪಾಸು.

ಅಲ್ಲಿಯವರೆಗೆ ಇಂಥ ಪುಸ್ತಕದ ಒಡೆಯರು ಯಾರು? ಮಕ್ಕಳಿಲ್ಲದ ಹಿಂದೂ ವಿಧವೆ ಉಯಿಲು ಬರೆಯದೆ ತೀರಿಕೊಂಡರೆ, ಆಕೆ ತಾನೇ ಸಂಪಾದಿಸಿದ ಸೊತ್ತು ಕೂಡ ೧೯೫೬ರ ಉತ್ತರಾಧಿಕಾರ ಕಾಯಿದೆಯಂತೆ ಮೊದಲು ಗಂಡನ ಕಡೆಯ ವಾರಸುದಾರರಿಗೆ ಸೇರುತ್ತದೆ. ಗಂಡನ ಮನೆಯ ಬಾಳನ್ನೇ ಕಾಣದ ಬಾಲವಿಧವೆಯ ಕಾದಂಬರಿಗೆ ಎಂದೋ ಸತ್ತ ಆ ಹುಡುಗನ ಅಣ್ಣತಮ್ಮಂದಿರ ಮೊಮ್ಮಕ್ಕಳು ಒಡೆಯರು! ಅವರಿಗೇ ಅದು ಗೊತ್ತಿರಲಾರದು. ಹಳೆಯ ಪುಸ್ತಕವೊಂದನ್ನು ಮತ್ತೆ ತರಬೇಕೆಂದಿರುವ ಸಣ್ಣ ಪ್ರಕಾಶಕ ಅವರನ್ನು ಎಲ್ಲಿ ಹುಡುಕಬೇಕು?

ಕಾಯಿದೆಯಲ್ಲಿ ಇದಕ್ಕೆ ಮದ್ದಿದೆ ಎನ್ನುವವರುಂಟು. ೨೦೧೨ರ ತಿದ್ದುಪಡಿಯ ಮೇಲೆ, ಒಡೆಯರ ಪತ್ತೆಯಾಗದ ಪ್ರಕಟಿತ ಕೃತಿಗೂ ಪರವಾನಗಿ ಕೇಳಬಹುದು. ಮೊದಲು ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು, ಆಮೇಲೆ ಗ್ರಂಥಸ್ವಾಮ್ಯ ಮಂಡಲಿಗೆ ಅರ್ಜಿ. ಆ ಮಂಡಲಿಯನ್ನು ೨೦೧೭ರಲ್ಲಿ ಇನ್ನೊಂದು ಮಂಡಲಿಯೊಳಗೆ ಸೇರಿಸಿದರು, ೨೦೨೧ರಲ್ಲಿ ಅದನ್ನೂ ರದ್ದುಮಾಡಿ ಕೆಲಸವನ್ನು ನ್ಯಾಯಾಲಯಗಳಿಗೆ ಒಪ್ಪಿಸಿದರು. ಐನೂರು ಪ್ರತಿ ಅಚ್ಚುಹಾಕುವವನು ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾನೆಯೇ? ೧೯೧೧ರ ಕಾಯಿದೆಯಾಗಿದ್ದರೆ ಒಂದು ಕಾಗದ ಬರೆದು, ನೂರಕ್ಕೆ ಹತ್ತನ್ನು ತೆಗೆದಿಟ್ಟರೆ ಮುಗಿಯುತ್ತಿತ್ತು.

ಹೆಚ್ಚಿಸಿದ ಹತ್ತು ವರ್ಷದಿಂದ ಲೇಖಕರ ಕುಟುಂಬಗಳಿಗಾದರೂ ಲಾಭವಾಯಿತೇ ಎಂದು ಕೇಳಬೇಕು. ಮರುಮುದ್ರಣ ಕಾಣುವ ಬೆರಳೆಣಿಕೆಯ ಲೇಖಕರ ಮನೆಗೆ ಆಗಿರಬಹುದು. ಆದರೆ ಹಕ್ಕನ್ನು ಪೂರ್ತಿ ಮಾರಿಕೊಂಡಿದ್ದಲ್ಲಿ ಆ ಹತ್ತು ವರ್ಷ ಯಾರದೆಂಬುದನ್ನು ೧೯೯೨ರ ಕಾಯಿದೆ ಹೇಳಲೇ ಇಲ್ಲ. ಕೊಂಡವನೇ ತನ್ನದೆನ್ನಲು ಅಡ್ಡಿಯಿಲ್ಲ. ಮನೆಯವರ ಹೆಸರು ಹೇಳಿ ಅವಧಿ ಬೆಳೆಸುವುದು, ಮನೆಯವರಿಗೆ ಹಕ್ಕು ಮರಳಿಸುತ್ತಿದ್ದ ಕಲಮನ್ನು ಮಾತ್ರ ಬಿಟ್ಟುಬಿಡುವುದು. ಇದು ನನಗೆ ಒಗಟಾಗಿಯೇ ಉಳಿದಿದೆ.

ಸತ್ತವರ ಪುಸ್ತಕಕ್ಕೆ ಹಿಂದಿನಿಂದ ಅವಧಿ ಕೂಡಿಸಬಹುದೇ ಎಂಬ ಪ್ರಶ್ನೆ ಅಮೆರಿಕೆಯಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ೧೯೯೮ರಲ್ಲಿ ಅಲ್ಲಿ ೨೦ ವರ್ಷ ಕೂಡಿಸಿದಾಗ, ಹಳೆಯ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಹಂಚುತ್ತಿದ್ದ ಎಲ್ಡ್ರೆಡ್ ಎಂಬಾತ ದಾವೆ ಹೂಡಿದ. ೨೦೦೩ರಲ್ಲಿ ಇಬ್ಬರ ವಿರುದ್ಧ ಏಳು ನ್ಯಾಯಮೂರ್ತಿಗಳ ಮತದಿಂದ ಸೋತ. ನಮ್ಮಲ್ಲಿ ಕಾನೂನಿನಿಂದಲ್ಲ, ದೊಡ್ಡ ಮನಸ್ಸಿನಿಂದ ದಾರಿ ತೆರೆದವರಿದ್ದಾರೆ. ಮದರಾಸು ಸರ್ಕಾರ ೧೯೪೯ರಲ್ಲಿ ಸುಬ್ರಹ್ಮಣ್ಯ ಭಾರತಿಯವರ ಕೃತಿಗಳ ಹಕ್ಕನ್ನು ತಾನು ಪಡೆದು, ಮುಂದೆ ಅವನ್ನು ಜನರಿಗೇ ಬಿಟ್ಟುಕೊಟ್ಟಿತು. ೧೯೯೨ರಲ್ಲಿ ತೀರಿಕೊಂಡ ನಿರಂ­ಜನರ ಪುಸ್ತಕಗಳನ್ನು ಅವರ ಮನೆಯವರು ೨೦೧೪ರಲ್ಲಿ, ಯಾರಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಬಿಟ್ಟರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯವೂ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹಾಗೆಯೇ ತೆರೆದಿಟ್ಟಿತು.

ಉಳಿದವರದು ಪಂಚಾಂಗದ ಲೆಕ್ಕ. ಮೈಸೂರು ವಾಸುದೇವಾಚಾರ್ಯರು ೧೯೬೧ರಲ್ಲಿ ತೀರಿಕೊಂಡವರು. ಅವರ ಕಾಲದಲ್ಲೇ ಪ್ರಕಟವಾದ ಕೃತಿಗಳು ೨೦೨೨ರಿಂದ ಎಲ್ಲರವಾಗಿವೆ. ೨೦೨೯ರ ಜನವರಿ ೧ಕ್ಕೆ ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’. ೨೦೩೨ಕ್ಕೆ ಡಿ. ಎಲ್. ನರಸಿಂಹಾಚಾರ್ಯರು. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’, ಪು. ತಿ. ನ. ಅವರ ಗೀತನಾಟಕಗಳು ಇವೆಲ್ಲ ಇನ್ನೂ ಸರದಿಯಲ್ಲಿ ನಿಂತಿವೆ.